ಎಲೆ ಮಂಡಿಯ ಯಲ್ಲಮ್ಮ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಶಿವಮೂರ್ತಪ್ಪನವರ ವೀಳ್ಯದೆಲೆ ಮಂಡಿಗೆ ಯಲ್ಲಮ್ಮ ಕೆಲಸಕ್ಕೆ ಸೇರಿದ್ದು ಗಂಡನ ಕೆಲಸ ಹೋದ ವರ್ಷ, ತೊಂಬತ್ತಮೂರರಲ್ಲಿ. ಗಂಡ ಗೋವಿಂದಯ್ಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೂಲಿಯಾಗಿದ್ದ. ಗುತ್ತಿಗೆದಾರನನ್ನೇ ಗೇಟಿನಿಂದ ಹೊರಗೆ ಕಳಿಸಿದ ಮೇಲೆ ಅವನ ಕೈಕೆಳಗಿನವರನ್ನು ಕೇಳುವವರು ಯಾರೂ ಇರಲಿಲ್ಲ. ಕೆಲವು ತಿಂಗಳು ಅವನು ದಿನಾ ಬೆಳಿಗ್ಗೆ ಹಳೆಯ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಖಾಕಿ ಪ್ಯಾಂಟು ಹಾಕಿಕೊಂಡು ಮನೆಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಆ ದಿನಗಳಲ್ಲಿ ಅವನ ಜೊತೆ ಮಾತಾಡುತ್ತಿದ್ದವಳು ಮಗಳು ಸಮತಾ ಒಬ್ಬಳೇ. ಯೂನಿಯನ್ನಿನ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದ ಕಾಲದಲ್ಲಿ ಅವನೇ ಆಸೆಪಟ್ಟು ಇಟ್ಟ ಹೆಸರು ಅದು. ಮಗಳಿಗೆ ಅಪ್ಪನೆಂದರೆ ಜೀವ. ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ಅವನ ಪಕ್ಕ ಮೆಟ್ಟಿಲ ಮೇಲೆ ಕೂರುತ್ತಿದ್ದಳು.

ಯಲ್ಲಮ್ಮ ಹುಟ್ಟಿದ್ದು ಹೊಳೆಹೊನ್ನೂರಿನ ಹತ್ತಿರ. ಅವಳ ತಾಯಿ ಎಲೆತೋಟಗಳಲ್ಲಿ ಕೂಲಿ ಮಾಡುತ್ತಿದ್ದವಳು. ಹಾಗಾಗಿ ಮಂಡಿಯ ಕೆಲಸ ಅವಳಿಗೆ ಹೊಸದೆನಿಸಲಿಲ್ಲ. ಬೆಳಿಗ್ಗೆ ಹೊಳೆಹೊನ್ನೂರು ಕಡೆಯ ಟೆಂಪೋ ಬಂದು ಬಿದಿರು ಬುಟ್ಟಿಗಳನ್ನು ಇಳಿಸಿ ಹೋದ ಮೇಲೆ ಹೆಂಗಸರು ನೆಲದ ಮೇಲೆ ಒದ್ದೆ ಗೋಣಿ ಹಾಸಿಕೊಂಡು ಕೂರಬೇಕು. ಒಂದೊಂದೇ ಕಟ್ಟು ಬಿಚ್ಚಿ, ಇಸ್ಪೀಟಿನ ಎಲೆಗಳ ಹಾಗೆ ತಿರುವಿ, ಹಳದಿಗೆ ತಿರುಗಿದ್ದನ್ನೂ ಕೊಳೆತದ್ದನ್ನೂ ತೆಗೆದು, ಮತ್ತೆ ಬಾಳೆನಾರಿನಲ್ಲಿ ಕಟ್ಟಬೇಕು. ಹಳದಿ ಎಲೆ ಒಂದು ಒಳಗೆ ಉಳಿದರೂ ಮರುದಿನಕ್ಕೆ ಅದರ ಅಕ್ಕಪಕ್ಕದವೂ ಹಳದಿಯಾಗುತ್ತವೆ. ಬೇಸಿಗೆಯಲ್ಲಿ ಬೆಳಿಗ್ಗೆ ಆರಿಸಿಟ್ಟ ಕಟ್ಟನ್ನು ಸಂಜೆ ಮತ್ತೆ ಬಿಚ್ಚಬೇಕಾಗುತ್ತಿತ್ತು. ಮಂಡಿಯ ಹಿಂದಿನ ಚರಂಡಿಗೆ ಬುಟ್ಟಿಗಟ್ಟಲೆ ಎಲೆ ಹೋಗುತ್ತಿತ್ತು. ಏಪ್ರಿಲ್ ಬಂತೆಂದರೆ ಶಿವಮೂರ್ತಪ್ಪನವರ ಬಾಯಿ ಕೆಡುತ್ತಿತ್ತು. ಮಳೆ ಬಿದ್ದ ಮೇಲೆ ಅವರೇ ಮನೆಯಿಂದ ಮಂಡಕ್ಕಿ ಮೆಣಸಿನಕಾಯಿ ತರಿಸಿ ಹೆಂಗಸರಿಗೆಲ್ಲ ಹಂಚುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ವ್ಯಾಪಾರ ಕೆಟ್ಟಾಗ ಕೆಡುತ್ತಿದ್ದರು, ಅಷ್ಟೆ.

ಶಿವಮೂರ್ತಪ್ಪನವರ ಅಕ್ಕನ ಮಗ ಪ್ರಸನ್ನಕುಮಾರ್ ಶಿವಮೊಗ್ಗದ ಗೋಪಾಳದಲ್ಲಿದ್ದ. ಕೃಷಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ್ದ, ಕೆಲಸ ಸಿಕ್ಕಿರಲಿಲ್ಲ. ಓದುವಾಗ ಅವನು ಕೈಗೆತ್ತಿಕೊಂಡಿದ್ದ ವಿಷಯವೇ ಎಲೆಗಳು ಮುದಿಯಾಗುವುದು ಹೇಗೆ, ಅದನ್ನು ತಡೆಯುವುದು ಹೇಗೆ ಎನ್ನುವುದು. ತೊಂಬತ್ತಾರರ ಬೇಸಿಗೆಯಲ್ಲಿ ಅವನು ಸಣ್ಣದೊಂದು ಸೀಸೆ ಹಿಡಿದುಕೊಂಡು ಮಂಡಿಗೆ ಬಂದ. ಒಳಗೆ ಚಿಟಿಕೆಯಷ್ಟು ಬಿಳಿ ಪುಡಿ. ಒಂದೇ ಬುಟ್ಟಿಯಿಂದ ಎರಡು ಕಟ್ಟು ತೆಗೆಸಿ, ಒಂದನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ತಾನು ಮಾಡಿದ ನೀರಿನಲ್ಲಿ ಅದ್ದಿ, ಎರಡನ್ನೂ ಒದ್ದೆ ಗೋಣಿಯ ಕೆಳಗಿಟ್ಟು ಹೋದ. ವಾರ ಕಳೆದು ಬಂದು ಗೋಣಿ ಸರಿಸಿದಾಗ ಮೊದಲನೆಯ ಕಟ್ಟು ಅರಿಶಿನದ ಬಟ್ಟೆಯಂತಾಗಿ, ಮುಟ್ಟಿದರೆ ಜಾರುತ್ತಿತ್ತು. ಎರಡನೆಯದು ಆಗತಾನೆ ಬಳ್ಳಿಯಿಂದ ಕಿತ್ತ ಹಾಗಿತ್ತು.

ಶಿವಮೂರ್ತಪ್ಪ ಅದರಿಂದ ಒಂದೆಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಸವರದೆ ಹಾಗೇ ಬಾಯಿಗಿಟ್ಟುಕೊಂಡರು. ಅಗಿದು ನುಂಗಿ ಸ್ವಲ್ಪ ಹೊತ್ತು ಏನಾದರೂ ಆಗುತ್ತದೇನೋ ಎಂದು ಕಾದವರಂತೆ ಸುಮ್ಮನೆ ಕೂತರು. ಏನೂ ಆಗಲಿಲ್ಲ.

ಪ್ರಸನ್ನಕುಮಾರ್ ಹೆಂಗಸರಿಗೂ ಅರ್ಥವಾಗುವಂತೆ ಹೇಳಿದ. ಬೇರಿನಿಂದ ಎಲೆಗೆ ಒಂದು ರಸ ಏರುತ್ತಿರುತ್ತದೆ, ಅದು ಬರುತ್ತಿರುವ ತನಕ ಎಲೆ ಹಸಿರಾಗಿರುತ್ತದೆ. ಕಿತ್ತ ಮೇಲೆ ಅದು ನಿಂತುಹೋಗಿ ಎಲೆ ತನ್ನ ಹಸಿರನ್ನು ತಾನೇ ಕರಗಿಸಿಕೊಳ್ಳುತ್ತದೆ. ಈ ಪುಡಿ ಆ ರಸದ ಕೆಲಸವನ್ನೇ ಮಾಡುತ್ತದೆ. ವಿಷವಲ್ಲ, ತೀರ ಸ್ವಲ್ಪ ಸಾಕು. ಅದಕ್ಕೊಂದು ಉದ್ದನೆಯ ಹೆಸರಿತ್ತು. ಮಂಡಿಯಲ್ಲಿ ಅದು ಹಸುರು ಮದ್ದು ಎಂದಾಯಿತು.

ತೊಂದರೆ ಒಂದೇ. ಆ ಪುಡಿ ಬರೀ ನೀರಿನಲ್ಲಿ ಕರಗುತ್ತಿರಲಿಲ್ಲ. ಮೊದಲು ಕಾಸ್ಟಿಕ್ ಸೋಡದ ನೀರಿನಲ್ಲಿ ಕರಗಿಸಿ, ಆಮೇಲೆ ಡ್ರಮ್ಮಿನ ನೀರಿಗೆ ಬೆರೆಸಬೇಕಿತ್ತು. ಸೋಡ ಸಾಬೂನು ಮಾಡುವವರ ಹತ್ತಿರ ಬೇಕಾದಷ್ಟು ಸಿಗುತ್ತಿತ್ತು. ಪ್ರಸನ್ನಕುಮಾರ್ ಯಲ್ಲಮ್ಮನಿಗೆ ಕೈಹಿಡಿದು ತೋರಿಸಿಕೊಟ್ಟ. ತಣ್ಣೀರಿಗೆ ಸೋಡ ಹಾಕಬೇಕು, ಅದೂ ಸ್ವಲ್ಪ ಸ್ವಲ್ಪ. ಸೋಡದ ಮೇಲೆ ನೀರು ಸುರಿಯಬಾರದು. ರಬ್ಬರ್ ಕೈಗವಸುಗಳನ್ನು ತಂದುಕೊಟ್ಟ. ಅವು ಹರಿದ ಮೇಲೆ ಶಿವಮೂರ್ತಪ್ಪ ಮತ್ತೆ ತರಿಸಲಿಲ್ಲ, ಯಲ್ಲಮ್ಮನೂ ಕೇಳಲಿಲ್ಲ. ಅವಳ ಬೆರಳ ತುದಿಗಳು ಗೆರೆ ಅಳಿಸಿ ನುಣ್ಣಗಾದವು, ಉಗುರು ತೆಳ್ಳಗಾಗಿ ಹಾಳೆಯಂತೆ ಬಾಗತೊಡಗಿದವು.

ಎಲೆ ಹಳದಿಯಾಗದಿದ್ದರೆ ಆರಿಸುವವರು ಯಾಕೆ? ಆ ವರ್ಷದ ದೀಪಾವಳಿಯ ಹೊತ್ತಿಗೆ ಮಂಡಿಯ ಹೆಂಗಸರನ್ನೆಲ್ಲ ಬಿಡಿಸಿದರು. ಅದ್ದುವ ಕೆಲಸ ಕಲಿತಿದ್ದ ಯಲ್ಲಮ್ಮನನ್ನು ಮಾತ್ರ ಉಳಿಸಿಕೊಂಡರು. ಬುಟ್ಟಿ ಎತ್ತಿಳಿಸಲು ಗಂಡಾಳು ಬೇಕೆಂದಾಗ ಅವಳು ಗೋವಿಂದಯ್ಯನನ್ನು ಕರೆತಂದಳು. ಜೊತೆಯಲ್ಲಿ ಕೂತು ಎಲೆ ತಿರುವುತ್ತಿದ್ದವರು ನಲ್ಲಿಯ ಹತ್ತಿರ ಅವಳನ್ನು ಕಂಡರೆ ಕೊಡ ತಿರುಗಿಸಿಕೊಂಡು ನಿಲ್ಲತೊಡಗಿದರು. ಒಬ್ಬಳು ಮುಖಕ್ಕೇ ಹೇಳಿದಳು, ನಿನ್ನ ಮನೆಯ ಒಲೆ ಉರಿಯಲಿ ಎಂದು ನಮ್ಮದನ್ನು ಆರಿಸಿದೆ ಎಂದು. ಅದು ಸುಳ್ಳೆಂದು ಯಲ್ಲಮ್ಮನಿಗೂ ಅನ್ನಿಸಲಿಲ್ಲ. ಆದರೆ ಗಂಡ ಮತ್ತೆ ತಲೆಯೆತ್ತಿ ಬೀದಿಯಲ್ಲಿ ನಡೆಯುತ್ತಿದ್ದ, ಮಗಳನ್ನು ಕಾಲೇಜಿಗೆ ಸೇರಿಸುವ ಮಾತು ಅವನ ಬಾಯಿಂದಲೇ ಬಂದಿತ್ತು. ಅವಳು ಆ ನೋಟಗಳನ್ನು ಸಹಿಸಿಕೊಂಡು ನೀರು ಹೊತ್ತಳು.

ತೊಂಬತ್ತೆಂಟರ ಮೇ ತಿಂಗಳು. ಮದುವೆಗಳ ಕಾಲ. ಶಿವಮೊಗ್ಗದ ಕಲ್ಯಾಣ ಮಂಟಪವೊಂದಕ್ಕೆ ಎಲೆ ಕಳಿಸಬೇಕಿತ್ತು. ಟೆಂಪೋ ಬಾಗಿಲಲ್ಲಿ ನಿಂತಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಡ್ರಮ್ಮು ತುಂಬ ಮದ್ದಿನ ನೀರು ಸಿದ್ಧವಿತ್ತು, ಆದರೆ ಅಂದಿನ ಎಲೆಗಳಿಗೆ ಅದೊಂದೇ ಸಾಲದು, ಇನ್ನೊಂದು ಡ್ರಮ್ಮಿಗೆ ಮತ್ತೆ ಕಲಸಬೇಕಿತ್ತು. ಪ್ರಸನ್ನಕುಮಾರ್ ದಾವಣಗೆರೆಗೆ ಹೋಗಿದ್ದ. ನಲ್ಲಿಯಲ್ಲಿ ಬೆಳಿಗ್ಗೆಯಿಂದ ನೀರು ಬಂದಿರಲಿಲ್ಲ, ಅದು ಬರುವುದರೊಳಗೆ ಸೋಡವನ್ನಾದರೂ ಕರಗಿಸಿಟ್ಟುಕೊಳ್ಳಬೇಕಿತ್ತು. ಶಿವಮೂರ್ತಪ್ಪ ಮುಂದಿನ ಗದ್ದುಗೆಯ ಮೇಲೆ ಕೂತು ಗಿರಾಕಿಯೊಬ್ಬನೊಡನೆ ಮಾತಾಡುತ್ತಿದ್ದರು. ಹಿಂದಿನ ಕೋಣೆಯಲ್ಲಿ ಇದ್ದವರು ಗಂಡಹೆಂಡತಿ ಇಬ್ಬರೇ.

ಯಲ್ಲಮ್ಮ ಬಕೀಟಿಗೆ ಸೋಡ ಸುರಿದಿಟ್ಟು, ಮಡಕೆಯಲ್ಲಿ ಉಳಿದ ನೀರನ್ನು ಬೇರೆ ಬಕೀಟಿಗೆ ಬಗ್ಗಿಸಿ ಅದಕ್ಕೆ ಸೋಡ ಹಾಕಬೇಕೆಂದಿದ್ದಳು. ಅಷ್ಟರಲ್ಲಿ ಸೋಡದ ಚೀಲದ ಪ್ಲಾಸ್ಟಿಕ್ ಚೂರೊಂದು ಬಕೀಟಿನಲ್ಲಿ ಬಿದ್ದದ್ದು ಕಂಡಿತು. ತೆಗೆಯಲೆಂದು ಬಗ್ಗಿದಳು. ಚಹಾದ ಸ್ಟೋವಿನ ಮೇಲೆ ಪಾತ್ರೆಯಲ್ಲಿ ನೀರು ಮರಳುತ್ತಿತ್ತು. ಬಿಸಿನೀರಾದರೆ ಬೇಗ ಕರಗುತ್ತದೆಂದು ಗೋವಿಂದಯ್ಯನಿಗೆ ಹೊಳೆಯಿತು. ಪಾತ್ರೆ ತಂದವನು ಅವಳ ಹೆಗಲ ಪಕ್ಕದಿಂದ ಬಕೀಟಿಗೆ ಸುರಿದ.

ಬಕೀಟಿನೊಳಗಿದ್ದದ್ದೆಲ್ಲ ಸಿಡಿದು ಮೇಲೆದ್ದಿತು. ಅವಳ ಮುಖಕ್ಕೇ ಬಡಿಯಿತು.

ಗೋವಿಂದಯ್ಯ ಅವಳನ್ನು ಹಿಡಿದುಕೊಂಡು ನಲ್ಲಿಗೆ ಓಡಿದ, ನಲ್ಲಿ ಉಸಿರು ಬಿಟ್ಟಿತು. ಮಡಕೆಯ ನೀರು ಆ ಗಾಬರಿಯಲ್ಲಿ ನೆನಪಾಗಲಿಲ್ಲ. ಅಲ್ಲಿಂದ ಡ್ರಮ್ಮಿನ ಕಡೆಗೆ ಎಳೆದುಕೊಂಡು ಬಂದ. ಕೂಗು ಕೇಳಿ ಒಳಗೆ ಬಂದ ಶಿವಮೂರ್ತಪ್ಪ ಅವನ ರಟ್ಟೆ ಹಿಡಿದು ತಡೆದರು.

"ಅದು ಮದ್ದು ಕಣೋ, ಕಣ್ಣಿಗೆ ಹಾಕ್ಬೇಡ. ಇನ್ನೇನಾದ್ರೂ ಆದೀತು."

ಒಳ್ಳೆಯದಕ್ಕೇ ಹೇಳಿದರು. ಪಕ್ಕದ ಮನೆಯಿಂದ ಹಾಲು ತಂದು ಕಣ್ಣಿಗೆ ಬಿಟ್ಟರು, ಯಾರೋ ಹರಳೆಣ್ಣೆ ಸವರಿದರು, ಒದ್ದೆ ಟವೆಲ್ಲು ಕಟ್ಟಿದರು. ಬಾಗಿಲಲ್ಲಿದ್ದ ಟೆಂಪೋದಲ್ಲೇ ಎಲೆ ಬುಟ್ಟಿಗಳ ಮಧ್ಯೆ ಅವಳನ್ನು ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೊರಟರು. ಕಲ್ಯಾಣ ಮಂಟಪ ಆಸ್ಪತ್ರೆಯ ದಾರಿಯಲ್ಲೇ ಇತ್ತು. ಡ್ರೈವರ್ ಅಲ್ಲಿ ನಿಲ್ಲಿಸಿ ಬುಟ್ಟಿ ಇಳಿಸಿದ. ಬೇಗ ಆಗುತ್ತದೆಂದು ಎಲ್ಲರಿಗೂ ಅನ್ನಿಸಿತ್ತು. ಒಳಗೆ ನಾಗಸ್ವರ ಊದುತ್ತಿದ್ದರು. ಗೋವಿಂದಯ್ಯ ಹೆಂಡತಿಯ ತಲೆಯನ್ನು ಎದೆಗೊತ್ತಿಕೊಂಡು ಕೂತಿದ್ದ, ಮೊದಲು ಆಸ್ಪತ್ರೆಗೆ ನಡಿ ಎನ್ನುವ ಮಾತು ಅವನ ಬಾಯಿಗೆ ಬರಲಿಲ್ಲ.

ಮತ್ತೆ ಹೊರಟ ಮೇಲೆ ಶಿವಮೂರ್ತಪ್ಪ ಮೆಲ್ಲಗೆ ಹೇಳಿದರು, ಮಂಡಿಯಲ್ಲಾಯಿತೆಂದರೆ ಪೊಲೀಸು ಅದು ಇದು ಎಂದು ಬರುತ್ತಾರೆ, ಮನೆಯಲ್ಲಿ ಬಟ್ಟೆ ಒಗೆಯುವಾಗ ಸೋಡ ಹಾರಿತು ಎಂದರೆ ಔಷಧಿ ಬೇರೆಯೇನೂ ಆಗುವುದಿಲ್ಲ, ನಿಮ್ಮಿಬ್ಬರ ಕೆಲಸಕ್ಕೆ ನಾನಿದ್ದೇನೆ ಎಂದು. ಡಾಕ್ಟರು ಕೇಳಿದಾಗ ಯಲ್ಲಮ್ಮ ಹಾಗೇ ಹೇಳಿದಳು. ಅದಕ್ಕೆ ತನ್ನದೊಂದು ಮಾತನ್ನೂ ಸೇರಿಸಿದಳು.

"ನಾನೇ ಬಿಸಿನೀರು ಹಾಕ್ಬಿಟ್ಟೆ ಡಾಕ್ಟ್ರೆ. ಯಾರೂ ಇರ್ಲಿಲ್ಲ. ನಂದೇ ತಪ್ಪು."

ಈ ಎರಡನೆಯ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಗೋವಿಂದಯ್ಯ ಅದನ್ನು ಕೇಳಿಸಿಕೊಂಡ. ಹೆಂಡತಿಗೆ ನಿಜವಾಗಿಯೂ ತಿಳಿದಿಲ್ಲ, ಗಾಬರಿಯಲ್ಲಿ ತಾನೇ ಸುರಿದೆನೆಂದುಕೊಂಡಿದ್ದಾಳೆ ಎಂದು ನಂಬಿದ. ನಂಬುವುದು ಅವನಿಗೆ ಬೇಕಾಗಿತ್ತು.

ಮರುದಿನ ಪ್ರಸನ್ನಕುಮಾರ್ ಆಸ್ಪತ್ರೆಗೆ ಬಂದ. ವರಾಂಡದಲ್ಲಿ ಗೋವಿಂದಯ್ಯನನ್ನು ಕೂರಿಸಿಕೊಂಡು, ಕೂಡಲೇ ಎಷ್ಟು ಹೊತ್ತು ನೀರು ಹಾಕಿದಿರಿ ಎಂದು ಕೇಳಿದ. ನಲ್ಲಿಯಲ್ಲಿ ನೀರಿರಲಿಲ್ಲ ಎಂದ ಗೋವಿಂದಯ್ಯ.

"ಡ್ರಮ್ಮಲ್ಲಿ ಇತ್ತಲ್ಲ?"

"ಅದು ಮದ್ದು ಅಂತ ಬೇಡ ಅಂದ್ರು."

ಡ್ರಮ್ಮಿನಲ್ಲಿದ್ದದ್ದು ಹೆಚ್ಚುಕಡಿಮೆ ಬರೀ ನೀರು, ಅದರಲ್ಲಿ ಮುಖ ಮುಳುಗಿಸಿದ್ದರೆ ಒಂದು ಕಣ್ಣಾದರೂ ಉಳಿಯಬಹುದಾಗಿತ್ತು ಎಂದು ಪ್ರಸನ್ನಕುಮಾರ್ ಹೇಳಿದ. ಹೇಳಬಾರದಿತ್ತೇನೋ. ಒಳಗೆ ಬಂದು ಯಲ್ಲಮ್ಮನ ಮಂಚದ ಪಕ್ಕ ನಿಂತ, ಅವಳು ಯಾರದು ಎಂದಾಗ ಹೆಸರು ಹೇಳಿದ, ಆಮೇಲೆ ಹೊರಟುಹೋದ. ಮಂಡಿಗೆ ಅವನು ಮತ್ತೆ ಕಾಲಿಡಲಿಲ್ಲ. ಗೋಪಾಳದಲ್ಲಿ ಸಸಿಗಳ ನರ್ಸರಿ ಹಾಕಿದನೆಂದು ಆಮೇಲೆ ತಿಳಿಯಿತು.

ಬಲಗಣ್ಣು ಪೂರ್ತಿ ಸುಟ್ಟುಹೋಗಿತ್ತು. ಎಡಗಣ್ಣಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು, ಮುಂದಿನ ವರ್ಷ ಅದೂ ಹೋಯಿತು. ಕಣ್ಣಿನ ಮುಂದಿನ ತಿಳಿಪದರ, ಕಾರ್ನಿಯಾ, ಬದಲಾಯಿಸಿ ನೋಡೋಣವೆಂದು ಒಮ್ಮೆ ಪ್ರಯತ್ನಿಸಿದರು. ಸೋಡದಿಂದ ಸುಟ್ಟ ಕಣ್ಣಿಗೆ ಬೇರೆಯವರ ಪದರ ಹಿಡಿಯಲಿಲ್ಲ.

ಗಾಯ ಮಾಗಿದ ಮೇಲೆ ಯಲ್ಲಮ್ಮ ಮಂಡಿಗೆ ಹೋದಳು. ಕೈಗಳಿವೆಯಲ್ಲ, ಆರಿಸಲು ಕೊಡಿ ಎಂದಳು. ಶಿವಮೂರ್ತಪ್ಪ ಇನ್ನೂ ಮದ್ದಿಗೆ ಅದ್ದಿರದ ಒಂದು ಕಟ್ಟು ಕೊಟ್ಟರು. ಕೊಳೆತದ್ದನ್ನು ಅವಳು ವಾಸನೆಯಿಂದ ಹಿಡಿದಳು, ಬಾಡಿದ್ದನ್ನು ಬೆರಳಿನಿಂದ ತಿಳಿದಳು. ಹಳದಿಗೆ ತಿರುಗತೊಡಗಿದ ಎಲೆ ಮುಟ್ಟಿದರೆ ಹಸಿರೆಲೆಯ ಹಾಗೆಯೇ ಇರುತ್ತದೆ. ಅಂಥವೆಲ್ಲ ಅವಳ ಬೆರಳು ದಾಟಿ ಒಳ್ಳೆಯ ಎಲೆಗಳ ಜೊತೆ ಸೇರಿದವು. ಅವರು ಸ್ವಲ್ಪ ಹೊತ್ತು ನೋಡಿ, ಮೆತ್ತಗೆ ಅವಳ ಕೈಯಿಂದ ಕಟ್ಟು ಬಿಡಿಸಿಕೊಂಡರು. ಮನೆಗೆ ಅಕ್ಕಿ ಕಳಿಸುತ್ತೇನೆ, ಬಿಸಿಲಲ್ಲಿ ಬರಬೇಡ ಎಂದರು. ಕೆಲವು ಕಾಲ ಕಳಿಸಿದರು ಕೂಡ.

ಸಮತಾ ಪಿ.ಯು.ಸಿ. ಮೊದಲ ವರ್ಷದಲ್ಲೇ ಕಾಲೇಜು ಬಿಟ್ಟಳು. ಅಪ್ಪ ಮಂಡಿಗೆ ಹೋಗಬೇಕು, ಅಮ್ಮನನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವುದರಿಂದ ತಟ್ಟೆಯಲ್ಲಿ ಪಲ್ಯ ಎಲ್ಲಿದೆಯೆಂದು ಹೇಳುವವರೆಗೆ ಎಲ್ಲ ಅವಳ ಪಾಲಿಗೆ ಬಿತ್ತು. ಚಿಕ್ಕ ಹುಡುಗಿ, ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಾಗ ಒಂದೇ ಮಾತು ಬಾಯಿಗೆ ಬರುತ್ತಿತ್ತು, ಸೋಡದ ಮೇಲೆ ನೀರು ಹಾಕಬಾರದೆಂದು ನಿನಗೆ ಹೇಳಿಕೊಟ್ಟಿದ್ದರಲ್ಲ, ಅಷ್ಟು ತಿಳಿಯಲಿಲ್ಲವಾ, ನಿನ್ನ ಒಂದು ಅವಸರಕ್ಕೆ ನಾನು ಹೀಗೆ ಕೂತಿದ್ದೇನೆ ಎಂದು. ಯಲ್ಲಮ್ಮ ಹೌದು ಕಣೆ ಎನ್ನುತ್ತಿದ್ದಳು. ಅಂಥ ಮಾತು ಎದ್ದಾಗಲೆಲ್ಲ ಗೋವಿಂದಯ್ಯ ಎದ್ದು ಹೊರಗೆ ಹೋಗುತ್ತಿದ್ದ. ಅಪ್ಪನಿಗೆ ಅಮ್ಮನ ಸ್ಥಿತಿ ನೋಡಲಾಗುವುದಿಲ್ಲ ಎಂದು ಸಮತಾ ಅವನ ಮೇಲೆ ಇನ್ನಷ್ಟು ಮರುಕ ಪಡುತ್ತಿದ್ದಳು.

ಅವನು ಮಾಡದೆ ಇದ್ದದ್ದೇನೂ ಇರಲಿಲ್ಲ. ಬೆಳಿಗ್ಗೆ ಹೆಂಡತಿಯ ತಲೆ ಬಾಚುತ್ತಿದ್ದ. ಮೀನು ತಂದ ದಿನ ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕುತ್ತಿದ್ದ. ಮಾತು ಮಾತ್ರ ಕಡಿಮೆಯಾಗುತ್ತ ಬಂತು.

ಇತ್ತ ಹಸುರು ಮದ್ದಿನ ಕಾಲವೂ ಮುಗಿಯುತ್ತ ಬಂದಿತ್ತು. ಪ್ರಸನ್ನಕುಮಾರ್ ಬಿಟ್ಟು ಹೋದ ಮೇಲೆ ಅಳತೆ ನೋಡುವವರಿರಲಿಲ್ಲ. ಶಿವಮೂರ್ತಪ್ಪ ಎಲೆಗಳನ್ನು ಇನ್ನೂ ಹೆಚ್ಚು ದಿನ ಇಟ್ಟು, ಬೆಲೆ ಏರಿದಾಗ ಬಿಡತೊಡಗಿದರು. ಎಲೆ ನೋಡಲು ಹಸಿರಾಗೇ ಇರುತ್ತಿತ್ತು, ಅಗಿದರೆ ಕಾಗದ. ಘಾಟು ಇಲ್ಲ, ರಸ ಇಲ್ಲ. ಶಿವಮೊಗ್ಗದ ಬೀಡಾ ಅಂಗಡಿಯವರು ಮೊದಲು ಗೊಣಗಿದರು. ಆಮೇಲೆ ಒಂದು ಸುದ್ದಿ ಹಬ್ಬಿತು, ಓಲ್ಡ್ ಟೌನಿನ ಮಂಡಿಯ ಎಲೆ ಅದ್ದುವ ಹೆಂಗಸಿನ ಕಣ್ಣೇ ಹೋಗಿದೆಯಂತೆ, ತಿಂದವರ ಗತಿಯೇನು ಎಂದು. ಕಣ್ಣು ಹೋದದ್ದು ಎಲೆಯ ಮದ್ದಿನಿಂದಲ್ಲ, ಸೋಡದಿಂದ ಎಂದು ಬಿಡಿಸಿ ಹೇಳಬೇಕೆಂದರೆ ಅದು ಮಂಡಿಯಲ್ಲೇ ಆದದ್ದೆಂದು ಒಪ್ಪಬೇಕಾಗುತ್ತಿತ್ತು. ಶಿವಮೂರ್ತಪ್ಪ ಬಾಯಿ ಬಿಡಲಿಲ್ಲ. ಎರಡು ಸಾವಿರದ ಒಂದರಲ್ಲಿ ಡ್ರಮ್ಮುಗಳನ್ನು ಗುಜರಿಗೆ ಹಾಕಿ, ಹಳೆಯ ಹೆಂಗಸರನ್ನು ಮತ್ತೆ ಕರೆಸಿದರು. ಅವರು ಬಂದು ಒದ್ದೆ ಗೋಣಿಯ ಮೇಲೆ ಕೂತರು. ಶಿವಮೂರ್ತಪ್ಪ ಗೋವಿಂದಯ್ಯನಿಗೆ ಇನ್ನು ಬರಬೇಡ ಎಂದರು.

ಗೋಪಾಳದಲ್ಲಿ ಕಟ್ಟುತ್ತಿದ್ದ ಮನೆಯೊಂದಕ್ಕೆ ಅವನು ಕಾವಲಿನವನಾದ. ಸಂಸಾರ ಅಲ್ಲಿಯ ಸಿಮೆಂಟ್ ಶೆಡ್ಡಿಗೆ ಬಂತು. ಆ ಮನೆ ಮುಗಿದ ಮೇಲೆ ಅದರ ಪಕ್ಕದ್ದು, ಅದು ಮುಗಿದ ಮೇಲೆ ಇನ್ನೊಂದು. ಸಮತಾ ಹತ್ತಿರದ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸ ಹಿಡಿದಳು. ಯಲ್ಲಮ್ಮ ಹೂಬತ್ತಿ ಹೊಸೆಯುವುದನ್ನು ಕಲಿತಳು.

ಎರಡು ಸಾವಿರದ ಐದರಲ್ಲಿ ಸಮತಾಳನ್ನು ನೋಡಲು ಹೊಳೆಹೊನ್ನೂರಿನಿಂದ ಒಂದು ಗಂಡಿನ ಕಡೆಯವರು ಬಂದರು. ಹುಡುಗ ಯೋಗರಾಜ್ ಟ್ರ್ಯಾಕ್ಟರ್ ಓಡಿಸುತ್ತಿದ್ದ, ನಿಧಾನದವನು. ಹುಡುಗಿ ಎಲ್ಲರಿಗೂ ಒಪ್ಪಿಗೆಯಾದಂತಿತ್ತು. ಉಪ್ಪಿಟ್ಟು ತಿಂದಾದ ಮೇಲೆ ಹುಡುಗನ ಸೋದರತ್ತೆ ಸಂಕೋಚದಿಂದಲೇ ಕೇಳಿದಳು, ತಾಯಿಯ ಕಣ್ಣಿನದು ಹುಟ್ಟಿನಿಂದ ಬಂದದ್ದೋ, ವಂಶದಲ್ಲಿ ಮತ್ತೆ ಯಾರಿಗಾದರೂ ಇದೆಯೋ ಎಂದು. ಕೇಳಬೇಕಾದ ಮಾತೇ ಅದು. ಯಲ್ಲಮ್ಮ ಎಂದಿನ ಉತ್ತರ ಕೊಟ್ಟಳು, ವಂಶದಲ್ಲಿಲ್ಲ, ಸೋಡ ಸಿಡಿದು ಹೋದದ್ದು, ನನ್ನದೇ ಬೇಜವಾಬ್ದಾರಿ ಎಂದು. ಬಾಗಿಲ ಹತ್ತಿರ ನಿಂತಿದ್ದ ಸಮತಾ, ಕೈಗೆ ಬಂದಿದ್ದು ತಪ್ಪಿಹೋಗುತ್ತದೇನೋ ಎಂಬ ಹೆದರಿಕೆಯಲ್ಲಿ, ನಮ್ಮಮ್ಮನಿಗೆ ಆಗ ಸ್ವಲ್ಪ ಅವಸರ ಜಾಸ್ತಿ, ಯಾರು ಹೇಳಿದರೂ ಕೇಳುತ್ತಿರಲಿಲ್ಲ ಎಂದು ನಕ್ಕಳು. ಬಂದವರೂ ನಕ್ಕರು.

ಗೋವಿಂದಯ್ಯ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ಅವಳಲ್ಲ," ಅಂದ. "ನಾನು. ಬಿಸಿನೀರು ಸುರಿದಿದ್ದು ನಾನು. ಅವಳು ಬಗ್ಗಿದ್ಲು, ನಾನು ನೋಡ್ಲಿಲ್ಲ."

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಆದ ಮೇಲೆ ಯಾಕೆ ಈ ಮಾತು ಎಂದು ಹುಡುಗನ ತಂದೆ ಸಮಾಧಾನ ಮಾಡಲು ನೋಡಿದರು. ಬಸ್ಸಿನ ಹೊತ್ತಾಯಿತೆಂದು ಎದ್ದರು. ತಿಳಿಸುತ್ತೇವೆ ಎಂದು ಹೋದವರು ಹದಿನೈದು ದಿನವಾದರೂ ತಿಳಿಸಲಿಲ್ಲ.

ಅವರು ಹೋದ ಮೇಲೆ ಸಮತಾ ಉಪ್ಪಿಟ್ಟಿನ ತಟ್ಟೆಗಳನ್ನು ಎತ್ತಿಕೊಂಡು ಹೊರಗಿನ ತೊಟ್ಟಿಯ ಹತ್ತಿರ ಹೋಗಿ ಕೂತವಳು, ಒಳಗಿನ ಮಾತು ಅಲ್ಲಿಗೂ ಕೇಳಿಸುತ್ತಿದ್ದರೂ, ಬಹಳ ಹೊತ್ತು ಒಳಗೆ ಬರಲಿಲ್ಲ. ಗಂಡನನ್ನು ಎಂದೂ ಬಹುವಚನ ಬಿಟ್ಟು ಕರೆದವಳಲ್ಲ ಯಲ್ಲಮ್ಮ. ಆ ದಿನ ಬಿಟ್ಟಳು.

"ಯಾಕೆ ಹೇಳ್ದೆ? ಇಷ್ಟು ವರ್ಷ ನಾನು ಬೈಸ್ಕೊಂಡಿದ್ದು ಯಾತಕ್ಕೆ ಅಂದ್ಕೊಂಡಿದ್ದೆ ನೀನು?"

ಗೋವಿಂದಯ್ಯ ಅವಳ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತಾ?"

"ನೀರು ಬೀಳೋ ಮುಂಚೆ ನಿನ್ನ ತೋಳು ನನ್ನ ಹೆಗಲಿಗೆ ತಾಗಿತ್ತು. ಗೊತ್ತಾಗ್ದೆ ಇರುತ್ತಾ?"

ಅವಳಿಗೆ ಬಂದ ಸಿಟ್ಟು ಕಣ್ಣು ಹೋದದ್ದಕ್ಕಲ್ಲ. ಅದನ್ನು ಅವಳು ಆಸ್ಪತ್ರೆಯ ಮಂಚದ ಮೇಲೇ ನುಂಗಿಕೊಂಡಿದ್ದಳು. ಮಗಳಿಗೆ ಅಪ್ಪನ ಮೇಲೆ ಇದ್ದ ಪ್ರೀತಿಯೊಂದು ಹಾಗೇ ಇರಲಿ ಎಂದು ತಾನು ಹೊತ್ತುಕೊಂಡದ್ದನ್ನು ಅವನು ತನ್ನ ಮನಸ್ಸು ಹಗುರ ಮಾಡಿಕೊಳ್ಳಲು ಒಂದೇ ಕ್ಷಣದಲ್ಲಿ ನೆಲಕ್ಕೆ ಹಾಕಿಬಿಟ್ಟಿದ್ದ. ಅವನಿಗೋ, ಹೆಂಡತಿಗೆ ಗೊತ್ತಿತ್ತು ಎನ್ನುವುದೇ ಹೊಸ ಏಟಾಯಿತು. ಅವಳಿಗೆ ಗೊತ್ತಿಲ್ಲವೆಂದು ನಂಬಿ ಅವನು ಅವಳ ತಲೆ ಬಾಚುತ್ತ, ಅವಳ ತಟ್ಟೆಗೆ ಬಡಿಸುತ್ತ ಬಂದಿದ್ದ. ಅವಳು ಅಷ್ಟು ಕಾಲವೂ ಅವನ ಕೈಗೆ ತಲೆ ಕೊಟ್ಟು, ಗೊತ್ತಿದ್ದೇ ಕೂತಿದ್ದಳು.

ಸಮತಾ ಅಪ್ಪನ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಕೂಗಾಟವಿಲ್ಲ. ಊಟಕ್ಕೆ ತಟ್ಟೆ ಇಡುತ್ತಿದ್ದಳು, ಕರೆಯುತ್ತಿರಲಿಲ್ಲ. ಕಾಲೇಜು ಬಿಟ್ಟದ್ದು, ಮದುವೆ ಮುರಿದದ್ದು, ಅಮ್ಮನಿಗೆ ಆಡಿದ ಒಂದೊಂದು ಮಾತು, ಎಲ್ಲ ಸೇರಿ ಅವಳೊಳಗೆ ಗಟ್ಟಿಯಾಗಿತ್ತು. ಅಮ್ಮನ ಮೇಲೂ ಅವಳಿಗೆ ಸಿಟ್ಟಿತ್ತು, ಅದು ಯಾಕೆಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ. ಯಲ್ಲಮ್ಮ ಇಬ್ಬರ ನಡುವೆ ಆ ಮಾತು ಈ ಮಾತು ಎಂದು ಎಳೆದು ನೋಡಿದಳು. ಸಿಮೆಂಟ್ ಶೆಡ್ಡಿನಲ್ಲಿ ಇದ್ದದ್ದು ಒಂದೇ ಕೋಣೆ. ಒಬ್ಬರ ಕಣ್ಣಿಗೆ ಒಬ್ಬರು ಬೀಳದೆ ಇರುವುದು ಅಲ್ಲಿ ಆಗುತ್ತಿರಲಿಲ್ಲ, ಒಬ್ಬಳಿಗೆ ಮಾತ್ರ ಆ ಕಷ್ಟವಿರಲಿಲ್ಲ.

ಮಳೆಗಾಲ ಹಿಡಿದಾಗ ಗೋವಿಂದಯ್ಯ ಹೊಳೆಹೊನ್ನೂರಿನ ಕಡೆ ಎಲೆತೋಟವೊಂದರಲ್ಲಿ ನೀರು ಬಿಡುವ ಕೆಲಸವಿದೆಯೆಂದು ಹೋದ. ಮೊದಮೊದಲು ಬಂದು ಹೋಗುತ್ತಿದ್ದ. ಬಂದಾಗ ಯಲ್ಲಮ್ಮನ ಪಕ್ಕದಲ್ಲಿ ಹತ್ತಿಯ ಬುಟ್ಟಿಯಿಂದ ಬೀಜ ಬಿಡಿಸುತ್ತ ಕೂತು, ಸಮತಾ ಕೆಲಸದಿಂದ ಬರುವ ಮೊದಲೇ ಎದ್ದು ಬಸ್ಸಿಗೆ ಹೋಗುತ್ತಿದ್ದ. ಆಮೇಲೆ ಬರುವುದು ಕಡಿಮೆಯಾಯಿತು. ಅವನು ಕುಡಿಯಲು ಹಿಡಿದಿದ್ದಾನೆಂದು ಯಾರೋ ಹೇಳಿದರು. ಎರಡು ಸಾವಿರದ ಏಳರ ಮಳೆಗಾಲ ಮುಗಿಯುವ ಹೊತ್ತಿಗೆ ತೋಟದಿಂದ ಕಲ್ಲಪ್ಪ ಎಂಬಾತ ಫೋನ್ ಮಾಡಿಸಿದ. ಕಾಮಾಲೆ ಹೆಚ್ಚಾಗಿತ್ತು, ಯಾರಿಗೂ ತಿಳಿಸಬೇಡ ಎಂದಿದ್ದ, ಬೆಳಿಗ್ಗೆ ಎಬ್ಬಿಸಲು ಹೋದರೆ ಏಳಲಿಲ್ಲ ಎಂದ.

ಸಮತಾ ಅಮ್ಮನನ್ನು ಕರೆದುಕೊಂಡು ಹೋದಳು. ಪಂಪ್‌ಹೌಸಿನ ಮುಂದೆ ಚಾಪೆಯ ಮೇಲೆ ಅವನನ್ನು ಮಲಗಿಸಿದ್ದರು. ಯಲ್ಲಮ್ಮ ಪಕ್ಕದಲ್ಲಿ ಕೂತು ಅವನ ಮುಖ, ಕೊರಳು, ಕೈ ಎಲ್ಲ ಮುಟ್ಟಿ ನೋಡಿದಳು. ತುಂಬ ಸೊರಗಿದ್ದ. ಗಡ್ಡ ಬೆಳೆದಿತ್ತು. ಯಾರಾದರೂ ಕ್ಷೌರ ಮಾಡಿಸಿ ಎಂದು ಕೇಳಿದಳು. ಕಲ್ಲಪ್ಪ ಹೋಗಿ ಒಬ್ಬನನ್ನು ಕರೆತಂದ. ಅವನು ಕ್ಷೌರ ಮಾಡಿ ಮುಗಿಸುವ ತನಕ ಅವಳು ಗಂಡನ ಗಲ್ಲ ಹಿಡಿದುಕೊಂಡಿದ್ದಳು. ಸಮತಾ ದೂರದಲ್ಲಿ ನಿಂತೇ ಇದ್ದಳು. ಹೊಳೆಯ ದಂಡೆಯಲ್ಲಿ ಮಣ್ಣು ಮಾಡುವಾಗ ಅವಳನ್ನು ಕರೆದರು, ಬಂದು ಮೂರು ಹಿಡಿ ಹಾಕಿ ಹಿಂದೆ ಸರಿದಳು. ಅಳಲಿಲ್ಲ.

ಸಂಜೆ ಹೊಳೆಹೊನ್ನೂರಿನ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ಅವಳು ಕೇಳಿದಳು.

"ಅವತ್ತೇ ಗೊತ್ತಿತ್ತಲ್ಲ ನಿಂಗೆ. ನಂಗ್ಯಾಕೆ ಹೇಳ್ಲಿಲ್ಲಮ್ಮ? ಎಷ್ಟು ಬೈದಿದೀನಿ ನಿನ್ನ."

"ನಿನ್ನ ಬೈಗುಳ ನಾನು ತಡ್ಕೊತೀನಿ ಅಂತ ಗೊತ್ತಿತ್ತು," ಅಂದಳು ಯಲ್ಲಮ್ಮ. "ಅವರು ತಡ್ಕೊಳಲ್ಲ ಅಂತಾನೂ ಗೊತ್ತಿತ್ತು."

ಬಸ್ಸು ಬಂತು. ಸಂತೆಯ ದಿನ, ಚೀಲಗಳು ಬಾಗಿಲ ತನಕ ತುಂಬಿದ್ದವು. ಕಂಡಕ್ಟರ್ ಯಾರನ್ನೋ ಎಬ್ಬಿಸಿ ಯಲ್ಲಮ್ಮನಿಗೆ ಜಾಗ ಮಾಡಿಸಿದ. ಮಗಳು ಪಕ್ಕದ ಕಂಬ ಹಿಡಿದು ನಿಂತಳು. ಬಸ್ಸು ಭದ್ರಾವತಿ ದಾಟುವ ಹೊತ್ತಿಗೆ ಅವಳು ಅಳುತ್ತಿದ್ದಾಳೆಂದು ಯಲ್ಲಮ್ಮನಿಗೆ ತಿಳಿಯಿತು. ಕಂಬದ ಮೇಲಿದ್ದ ಅವಳ ಕೈಯನ್ನು ತಡಕಿ ಹಿಡಿದುಕೊಂಡಳು. ಸಮತಾ ಕೈ ಬಿಡಿಸಿಕೊಳ್ಳಲಿಲ್ಲ.

ಎರಡು ವರ್ಷದ ಮೇಲೆ ಸಮತಾಳಿಗೆ ಮದುವೆಯಾಯಿತು. ಹೆಂಡತಿ ಸತ್ತ ಒಬ್ಬ ಆಟೋ ಡ್ರೈವರ್, ಅವಳಿಗಿಂತ ವಯಸ್ಸಿನಲ್ಲಿ ಸಾಕಷ್ಟು ದೊಡ್ಡವನು. ಕಣ್ಣಿನ ಬಗ್ಗೆ ಅವನ ಕಡೆಯವರು ಏನೂ ಕೇಳಲಿಲ್ಲ. ಯಲ್ಲಮ್ಮ ಅವರ ಜೊತೆಗೇ ಇದ್ದಾಳೆ. ಅಪ್ಪನ ತಿಥಿಯ ದಿನ ಸಮತಾ ಅಂಗಡಿಗೆ ರಜೆ ಹಾಕಿ ಅಡುಗೆ ಮಾಡುತ್ತಾಳೆ, ಎಡೆ ಇಡುತ್ತಾಳೆ. ಅವನ ಹೆಸರನ್ನು ಮಾತ್ರ ಅವ್ವ ಮಗಳು ಇಬ್ಬರೂ ಎತ್ತುವುದಿಲ್ಲ.